ಬುಧವಾರದ ಬೆಂಚು

ಜುಲೈ 1, ಸೋಮವಾರ

ರೂಮುಗಳ ಬೀಗ ತೆಗೆದು, ಬೋರ್ಡು ಒರೆಸಿ, ಸ್ಟಾಫ್ ರೂಮಿನ ಕ್ಯಾನಿಗೆ ನೀರು ತುಂಬಿಸುವಷ್ಟರಲ್ಲಿ ಬೆಲ್ಲಿನ ಹೊತ್ತಾಯಿತು. ಏಳನೇ ಕ್ಲಾಸಿನ ಫ್ಯಾನು ಮತ್ತೆ ಕಟಕಟ ಅನ್ನುತ್ತಿದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ "ಬಂದೆ ಬಂದೆ" ಅಂದ. ಹೋದ ವಾರವೂ ಬಂದಿದ್ದ, ಫೋನಿನಲ್ಲಿ.

ಸ್ಟಾಫ್ ರೂಮಿನಲ್ಲಿ ಇವತ್ತು ಗಲಾಟೆ. ಈ ವರ್ಷ ಬಂದಿರುವ ಪ್ರಿನ್ಸಿಪಾಲ್ ಹೊಸ ನಿಯಮ ತಂದಿದ್ದಾರೆ. ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುತ್ತಾರೆ, ಎತ್ತರದಲ್ಲಿ ನನ್ನ ಭುಜಕ್ಕೆ ಬಂದರೆ ಹೆಚ್ಚು. ಬುಧವಾರ ಮಕ್ಕಳು ಮನೆಗೆ ಹೋದ ಮೇಲೆ ಟೀಚರುಗಳೆಲ್ಲ ಒಂದು ಗಂಟೆ ಉಳಿಯಬೇಕು. ಒಬ್ಬರು ಪಾಠ ಮಾಡಬೇಕು, ಉಳಿದವರು ನೋಡಬೇಕು, ಆಮೇಲೆ ಮಾತಾಡಬೇಕು.

ಗಣಿತದ ಸರ್‌ಗೆ ಸಿಟ್ಟು. "ನಾವು ಇಲ್ಲಿ ಕಲಿಸೋಕೆ ಬಂದಿದ್ದೀವೋ ಕಲಿಯೋಕೋ? ನನ್ನ ಕೂದಲು ಉದುರಿದ್ದು ಈ ಬೋರ್ಡಿನ ಮುಂದೇನೇ."

"ಚಾಕ್ ಪುಡಿಗೆ ಉದುರಿರ್ಬೇಕು ಸಾರ್," ಅಂದರು ಯಾರೋ. ಎಲ್ಲರೂ ನಕ್ಕರು. ಸರ್ ನಗಲಿಲ್ಲ. ನಾನೂ ನಗದೆ ಲೋಟ ತೊಳೆದೆ. ನಗಬಹುದಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಜುಲೈ 3, ಬುಧವಾರ

ಏನಾಯಿತು ಅಂತ ಸರಿಯಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಸಂಜೆ ಟೀ ತೆಗೆದುಕೊಂಡು ಆರನೇ ಕ್ಲಾಸಿಗೆ ಹೋದೆ. ಗಣಿತದ ಸರ್ ಬೋರ್ಡಿನ ಹತ್ತಿರ. ಉಳಿದ ಟೀಚರುಗಳು ಮಕ್ಕಳ ಬೆಂಚಿನಲ್ಲಿ. ಮಕ್ಕಳ ಹಾಗೆ ಆಡಿ ಅಂತ ಮೇಡಂ ಅಂದಿದ್ದರಂತೆ. ಆಡುತ್ತಿದ್ದರು. ಒಬ್ಬರು ನಿದ್ದೆ, ಒಬ್ಬರು ಮುಂದಿನವರ ಜಡೆ ಎಳೆಯುವುದು, ಒಬ್ಬರು "ಸಾರ್, ಒಂದಕ್ಕೆ!" ಸರ್ ಪ್ರಶ್ನೆ ಕೇಳುವ ಮೊದಲೇ ಎಲ್ಲರೂ ಉತ್ತರ ಹೇಳುವುದು.

ಹಿಂದಿನ ಬೆಂಚಿನಿಂದ ದೊಡ್ಡ ಮೇಡಂ ಎದ್ದರು. "ಇದು ಪಾಠ ಆಗ್ತಿಲ್ಲ, ನಾಟಕ ಆಗ್ತಿದೆ. ನಿಜವಾಗಿ ಗೊತ್ತಿಲ್ಲದವರು ಒಬ್ಬರು ಬೇಕು."

ಆಮೇಲೆ ನನ್ನ ಕಡೆ ನೋಡಿದರು.

"ನೀನು ಎಷ್ಟನೇ ಕ್ಲಾಸ್ ಓದಿದೀಯಮ್ಮ?"

"ಐದು, ಮೇಡಂ."

"ಭಿನ್ನರಾಶಿ ಭಾಗಾಕಾರ ಬರುತ್ತಾ?"

ಬರುವುದಿಲ್ಲ ಅಂದೆ. ಅಥವಾ ಅಂದುಕೊಂಡೆ. ಬಾಯಿಂದ ಮಾತು ಬಂತೋ ಇಲ್ಲವೋ...

"ಟ್ರೇ ಅಲ್ಲಿಡು. ಕೂತ್ಕೋ."

ಕೂತೆ. ಮೊಣಕಾಲು ಡೆಸ್ಕಿಗೆ ತಾಗಿತು. ಐದನೇ ಕ್ಲಾಸಿನಲ್ಲಿ ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

ಸರ್ ಶುರು ಮಾಡಿದರು. ಅರ್ಧವನ್ನು ಕಾಲಿನಿಂದ ಭಾಗಿಸಬೇಕು. ಕೆಳಗಿನದನ್ನು ಮೇಲೆ ಹಾಕು, ಮೇಲಿನದನ್ನು ಕೆಳಗೆ, ಗುಣಿಸು. ಉತ್ತರ ಎರಡು. ಸರ್ ಧ್ವನಿ ಗಟ್ಟಿ, ಅಕ್ಷರ ಮುತ್ತಿನ ಹಾಗೆ. ಆದರೆ ಭಾಗ ಮಾಡಿದರೆ ಕಮ್ಮಿ ಆಗಬೇಕಲ್ಲ? ಅರ್ಧ ಹೋಗಿ ಎರಡು ಹೇಗೆ ಆಯಿತು? ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಿವಿ ಬಿಸಿ.

"ಅರ್ಥ ಆಯ್ತಾ?"

ತಲೆ ಆಡಿಸಿದೆ. "ಆಯ್ತು ಸಾರ್."

ಸರ್ ಮುಖ ಅರಳಿತು. ಚಾಕನ್ನು ಗಾಳಿಗೆ ಎಸೆದು ಹಿಡಿದರು. "ನೋಡಿದ್ರಾ ಮೇಡಂ!" ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್‌ಗೋ ನನಗೋ. ಟೀ ಆರಿಹೋಗಿತ್ತು.

ಏನೂ ಅರ್ಥ ಆಗಿರಲಿಲ್ಲ.

ಜುಲೈ 4, ಗುರುವಾರ

ಬೆಳಿಗ್ಗೆ ಬ್ರೆಡ್ಡು ಕತ್ತರಿಸಿ ನೋಡಿದೆ. ಅರ್ಧ ಮಾಡಿದೆ. ಅದನ್ನು ಮತ್ತೆ ಭಾಗ ಮಾಡಿದೆ. ಸಣ್ಣದೇ ಆಯಿತು. ಇನ್ನೂ ಮಾಡಿದೆ. ಪುಡಿ ಆಯಿತು.

ಅತ್ತಿಗೆ ಹೊಲಿಗೆ ಮೆಷಿನ್ ನಿಲ್ಲಿಸಿ ನೋಡಿದರು. "ಯಾವ ಗುಬ್ಬಿಗೆ ಇದು?"

ಸ್ಕೂಲಿನ ವಿಷಯ ಹೇಳಿದೆ. ಅಣ್ಣ ಶೂ ಹಾಕಿಕೊಳ್ಳುತ್ತಿದ್ದ. "ನಮ್ಮ ಹುಡುಗಿ ಮತ್ತೆ ಸ್ಕೂಲಿಗೆ ಸೇರಿದ್ಲು ಕಣೇ!" ಅಂದ. ಅತ್ತಿಗೆ ನಗಲಿಲ್ಲ. "ನಿನ್ನನ್ನ ಮುಂದೆ ಕೂರಿಸಿಕೊಂಡು ಎಲ್ಲರೂ ನೋಡ್ತಾರಾ? ಅದೆಂಥ ನೋಟ? ಹುಷಾರು."

ಹುಷಾರು ಯಾವುದಕ್ಕೆ ಅಂತ ಕೇಳಲಿಲ್ಲ. ಆದರೆ ಒಂದು ಮಾತು. ಅವರಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಬೆಂಚಿನಲ್ಲಿ ಕೂತಾಗ ಹೆದರಿಕೆ ಆಯಿತು, ನಿಜ. ಏಳುವಾಗ ಬೇಜಾರೂ ಆಯಿತು. ಎರಡೂ ಹೇಗೆ?

ಜುಲೈ 10, ಬುಧವಾರ

ಇವತ್ತು ವಿಜ್ಞಾನದ ಹೊಸ ಟೀಚರ್ ಸರದಿ. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಇಡೀ ಸ್ಕೂಲಿನಲ್ಲಿ ನನಗೆ "ನೀವು" ಅನ್ನುವವರು ಅವರೊಬ್ಬರೇ. ಅವರ ಕೆಲಸ ಇನ್ನೂ ಗಟ್ಟಿಯಾಗಿಲ್ಲ. ಸ್ಕೂಲು ನಡೆಸುವ ಕಮಿಟಿಯ ಸೆಕ್ರೆಟರಿ ಬಂದು ಪಾಠ ನೋಡಿ, ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುತ್ತಾರಂತೆ. ಊಟದ ಡಬ್ಬಿ ಎರಡು ದಿನದಿಂದ ತುಂಬಿಯೇ ವಾಪಸ್ ಹೋಗುತ್ತಿದೆ.

ಗಾಜಿನ ಲೋಟದಲ್ಲಿ ಐಸ್ ನೀರು ತಂದಿಟ್ಟರು. ಸ್ವಲ್ಪ ಹೊತ್ತಿಗೆ ಲೋಟದ ಹೊರಗೆಲ್ಲ ಹನಿ. "ಈ ನೀರು ಎಲ್ಲಿಂದ ಬಂತು?"

ಲೋಟ ಬೆವರಿತು ಅಂತ ನನ್ನ ಲೆಕ್ಕ.

ಗಾಳಿಯಲ್ಲಿ ನೀರಾವಿ ಇರುತ್ತದೆ, ತಣ್ಣಗಿನ ಲೋಟ ಮುಟ್ಟಿ ಹನಿ ಆಗುತ್ತದೆ ಅಂದರು. ಬೋರ್ಡಿನಲ್ಲಿ ಬಾಣ ಹಾಕುತ್ತಾ ಹೋದರು, ಬಾಣದ ಮೇಲೆ ಬಾಣ. ಯಾವುದು ಎಲ್ಲಿಗೆ ಹೋಗುತ್ತಿದೆ ತಿಳಿಯಲಿಲ್ಲ. ಗಣಿತದ ಸರ್ ಆಕಳಿಸಿದರು. ಟೀಚರ್ ನನ್ನ ಕಡೆ ತಿರುಗಿದರು. ಆ ಕಣ್ಣು ನೋಡಿದರೆ ಯಾರಾದರೂ ತಲೆ ಆಡಿಸುತ್ತಿದ್ದರು.

ಆಡಿಸಿದೆ. ಜೋರಾಗಿಯೇ.

ಆಮೇಲೆ ಕಾರಿಡಾರ್‌ನಲ್ಲಿ ನನ್ನ ಕೈ ಹಿಡಿದುಕೊಂಡರು. "ಥ್ಯಾಂಕ್ಸ್ ರೀ. ನಿಮಗೆ ಅರ್ಥ ಆಯ್ತು ಅಂದಾಗ ಜೀವ ಬಂತು." ಡಬ್ಬಿ ತೆಗೆದು ಅಲ್ಲೇ ನಿಂತು ತಿಂದರು. ಅರ್ಧ ನನಗೂ ಕೊಟ್ಟರು.

ಒಳ್ಳೆಯದು ಮಾಡಿದೆ ಅನ್ನಿಸಿತು. ಮನೆ ಮುಟ್ಟುವಷ್ಟರಲ್ಲಿ ಹಾಗನ್ನಿಸಲಿಲ್ಲ.

ಜುಲೈ 17, ಬುಧವಾರ

ಇವತ್ತು ದೊಡ್ಡ ಮೇಡಂ ಅವರೇ ಪಾಠ ಮಾಡಿದರು. ನಕ್ಷೆ ಓದುವುದು. ಮುಗಿಸಿ, "ನನ್ನ ಪಾಠದಲ್ಲಿ ಎಲ್ಲಿ ಎಡವಿದೆ, ಹೇಳಿ. ಮುಲಾಜು ಬೇಡ" ಅಂದರು.

"ತುಂಬಾ ಚೆನ್ನಾಗಿತ್ತು ಮೇಡಂ."

"ಸೂಪರ್ ಮೇಡಂ."

"ಹೇಳೋಕೇನೂ ಇಲ್ಲ ಮೇಡಂ," ಅಂದರು ಗಣಿತದ ಸರ್. ಬಾಗಿಲ ಹೊರಗೆ ಬಂದು ಇನ್ನೊಬ್ಬರ ಕಿವಿಯಲ್ಲಿ ಬೇಕಾದಷ್ಟು ಹೇಳಿದರು.

ಎಲ್ಲರೂ ಹೋದ ಮೇಲೂ ಮೇಡಂ ಮೇಜಿನ ಅಂಚಿನಲ್ಲಿ ಕೂತೇ ಇದ್ದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಗೆದ್ದವರ ಮುಖ ಆಗಿರಲಿಲ್ಲ ಅದು. ಹೊಗಳಿಸಿಕೊಂಡವರು ಹೀಗೇಕೆ ಕೂರುತ್ತಾರೆ?

ನಾನೂ ತಲೆ ಆಡಿಸಿದ್ದೆ. ಉತ್ತರ ದಿಕ್ಕು ಯಾಕೆ ಯಾವಾಗಲೂ ಮೇಲಿರುತ್ತದೆ ಅಂತ ಈಗಲೂ ತಿಳಿದಿಲ್ಲ.

ಜುಲೈ 30, ಮಂಗಳವಾರ

ಆರನೇ ಕ್ಲಾಸಿಗೆ ಭಿನ್ನರಾಶಿ ಟೆಸ್ಟ್ ಆಗಿತ್ತು. ಇವತ್ತು ಪೇಪರ್ ಕೊಟ್ಟರು. ಅರ್ಧ ಕ್ಲಾಸು ಕಾರಿಡಾರ್‌ನಲ್ಲಿ ನಿಂತಿತ್ತು, ಗೋಡೆಗೆ ಮುಖ ಮಾಡಿಕೊಂಡು. ಸರ್ ಧ್ವನಿ ಹೊರಗೂ ಕೇಳುತ್ತಿತ್ತು. "ಟೀ ತರೋಳಿಗೆ ಅರ್ಥ ಆಯ್ತು! ಐದನೇ ಕ್ಲಾಸ್ ಓದಿದೋಳಿಗೆ! ನಿಮಗೇನು ಧಾಡಿ?"

ಬಕೆಟ್ ಹಿಡಿದು ಅಲ್ಲೇ ನಿಂತುಬಿಟ್ಟೆ.

ಎರಡು ಜುಟ್ಟಿನ ಒಂದು ಹುಡುಗಿ ಗೋಡೆಯಿಂದ ಮುಖ ತಿರುಗಿಸಿದಳು. ಅಳು ಒಣಗಿ ಕೆನ್ನೆ ಮೇಲೆ ಗೆರೆ. ಮೆಲ್ಲಗೆ ಕೇಳಿದಳು, "ಅಕ್ಕಾ, ಅರ್ಧ ಭಾಗಿಸು ಕಾಲು ಅಂದ್ರೆ ಏನು? ನಿಮಗೆ ಗೊತ್ತಂತಲ್ಲ. ಒಂಚೂರು ಹೇಳ್ಕೊಡಿ. ಸಾರ್ ಬರೋದ್ರೊಳಗೆ."

ಬೇರೆ ಮಕ್ಕಳೂ ತಿರುಗಿದರು. ಗೋಡೆ ಉದ್ದಕ್ಕೂ ಮುಖಗಳು.

"ಒಲೆ ಮೇಲೆ ನೀರಿಟ್ಟಿದೀನಿ ಪುಟ್ಟಾ," ಅಂತ ಓಡಿಬಂದೆ. ಒಲೆ ಹಚ್ಚಿಯೇ ಇರಲಿಲ್ಲ.

ನನ್ನ ಒಂದು ತಲೆ ಅಲ್ಲಾಡಿದ್ದಕ್ಕೆ ಇಷ್ಟು ತಲೆ ಗೋಡೆಗೆ... ಸರ್‌ಗೆ ಏನು ಗೊತ್ತು? ಅವರ ಪಾಠ ಸರಿ ಇದೆ ಅಂತ ನಾನೇ ಹೇಳಿದ್ದು. ಆದರೆ ಹೇಳದೆ ಏನು ಮಾಡಬೇಕಿತ್ತು? ಸರ್‌ಗೆ, ಅಷ್ಟು ಜನರ ಮುಂದೆ, ನಾನು?

ಜುಲೈ 31, ಬುಧವಾರ

ದೊಡ್ಡ ಮೇಡಂಗೆ ಹೇಳಿಬಿಡೋಣ ಅಂತ ಬೆಳಿಗ್ಗೆಯೇ ಅವರ ರೂಮಿಗೆ ಹೋದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. "ಮೇಡಂ, ನನಗೆ ಅವತ್ತು ಅರ್ಥ ಆಗಿರಲಿಲ್ಲ." ಇಷ್ಟೇ.

ಟೀ ಇಟ್ಟೆ. ನಿಂತೆ. ಕಪ್ಪಿನ ಹಿಡಿ ಅವರ ಕಡೆ ತಿರುಗಿಸಿದೆ. ಮತ್ತೆ ನಿಂತೆ.

"ಏನಮ್ಮಾ?"

"ಮೇಡಂ... ಅದು..."

"ಮನೇಲಿ ಏನಾದ್ರೂ ತೊಂದರೆನಾ?"

"ಇಲ್ಲ ಮೇಡಂ. ಅದು ಬುಧವಾರ..."

"ರಜಾ ಬೇಕಾ? ಕೇಳೋಕೆ ಯಾಕಿಷ್ಟು ಸಂಕೋಚ? ಶುಕ್ರವಾರ ತಗೋ. ಆರಾಮಾಗಿ ಮನೇಲಿರು."

ತಲೆ ಆಡಿಸಿದೆ! ಹೊರಗೆ ಬಂದು ನನ್ನ ತಲೆಯನ್ನೇ ಹಿಡಿದುಕೊಂಡೆ. ಇದಕ್ಕೆ ಬೇರೆ ಕೆಲಸವೇ ಗೊತ್ತಿಲ್ಲ.

ಆಗಸ್ಟ್ 2, ಶುಕ್ರವಾರ

ರಜಾ. ಯಾಕೆ ರಜಾ ಅಂತ ಅತ್ತಿಗೆ ಕೇಳಿದರು. ಗೊತ್ತಿಲ್ಲ ಅಂದೆ. "ಹುಡುಗ ಯಾರು?" ಅಂದರು. ದಿನವಿಡೀ ಗುಂಡಿ ಹೊಲಿದೆ.

ಆಗಸ್ಟ್ 8, ಗುರುವಾರ

ಸೆಕ್ರೆಟರಿ ಬರುವ ದಿನ ಗೊತ್ತಾಗಿದೆ. ಈ ತಿಂಗಳ ಕೊನೆಯ ಬುಧವಾರ. ಹೊಸ ಟೀಚರ್ ಪಾಠ ನೋಡುತ್ತಾರೆ. ಬುಧವಾರದ ಈ ಕೂಟವನ್ನೂ ನೋಡುತ್ತಾರೆ. ಸಂಜೆ ಒಂದು ಗಂಟೆ ಹೆಚ್ಚು ಉಳಿಸಿಕೊಳ್ಳುತ್ತಾರೆ ಅಂತ ಯಾರೋ ಕಮಿಟಿಗೆ ದೂರು ಹೇಳಿದ್ದಾರಂತೆ.

ಹೊಸ ಟೀಚರ್ ಲ್ಯಾಬಿನಲ್ಲಿ ಸಿಕ್ಕರು, ಖುಷಿಯಾಗಿದ್ದರು. "ನಾನು ಆ ಲೋಟದ ಪಾಠಾನೇ ಮಾಡ್ತೀನಿ. ನಿಮಗೆ ಒಂದೇ ಸಲಕ್ಕೆ ಅರ್ಥ ಆಗಿತ್ತಲ್ಲ, ಅದೇ ಸೇಫ್."

ಸೇಫ್! ಈಗ ಹೇಳದಿದ್ದರೆ ಇನ್ನು ಯಾವಾಗ?

"ಟೀಚರ್, ಅವತ್ತು... ಅಷ್ಟಾಗಿ ಆಗಿರ್ಲಿಲ್ಲ."

"ಏನು ಆಗಿರ್ಲಿಲ್ಲ?"

"ಅರ್ಥ."

ಕೈಯಲ್ಲಿದ್ದ ಟೆಸ್ಟ್ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟರು. "ಎಷ್ಟು ಅರ್ಥ ಆಗಿತ್ತು?"

"ನೀವು ಲೋಟ ಇಟ್ಟಿದ್ದು."

ಅವರು ಸ್ಟ್ಯಾಂಡಿನಲ್ಲಿದ್ದ ಟ್ಯೂಬುಗಳನ್ನೆಲ್ಲ ತೆಗೆದು ಮತ್ತೆ ಅಲ್ಲೇ ಇಟ್ಟರು. ನಾನು ನೆಲ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ನಿಜ ಹೇಳಿದರೆ ಭಾರ ಇಳಿಯುತ್ತದೆ ಅನ್ನುತ್ತಾರಲ್ಲ. ಇಳಿಯಲಿಲ್ಲ. ಇಬ್ಬರ ಮೇಲೂ ಕೂತಿತು.

ಆಗಸ್ಟ್ 20, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಹೊಸ ಟೀಚರ್ ನನ್ನನ್ನು ನೋಡಿದರೂ ನೋಡದ ಹಾಗೆ ಹೋಗುತ್ತಿದ್ದರು. ಡಬ್ಬಿ ಮತ್ತೆ ತುಂಬಿಯೇ ವಾಪಸ್.

ಇವತ್ತು ಅವರಾಗಿಯೇ ಬಂದರು. ಸ್ಟೋರ್ ರೂಮಿನ ಬಾಗಿಲು ಅರ್ಧ ಮುಚ್ಚಿದರು.

"ನೋಡಿ, ನಾನು ಪಾಠ ತಿದ್ದಿದೀನಿ. ಇನ್ನೂ ತಿದ್ತೀನಿ. ಆದ್ರೆ ಅವತ್ತು ನಿಮಗೆ ಅರ್ಥ ಆಗ್ಲಿ ಬಿಡ್ಲಿ, ಒಂದ್ಸಲ ಹೂಂ ಅಂದುಬಿಡಿ. ಒಂದೇ ಒಂದ್ಸಲ. ಕೆಲಸ ಗಟ್ಟಿ ಆಗ್ಲಿ, ಆಮೇಲೆ ನಿಧಾನಕ್ಕೆ ಕಲೀತೀನಿ. ನಮ್ಮಪ್ಪ ಕಾಲು ಮುರ್ಕೊಂಡ್ಮೇಲೆ ಮನೇಲಿ ದುಡಿಯೋಳು ನಾನೊಬ್ಬಳೇ ರೀ."

ಅವರ ಕಣ್ಣು ಕೆಂಪಗಿತ್ತು. ನನ್ನನ್ನು ಬೇಡಿಕೊಂಡವರು ಇದುವರೆಗೆ ಯಾರೂ ಇಲ್ಲ. ಬೇಡಿಕೊಳ್ಳುವವರು ಯಾವಾಗಲೂ ನಾವು.

ಮನೆಯಲ್ಲಿ ಅತ್ತಿಗೆಗೆ ಹೇಳಿದೆ. ಬಾಯಲ್ಲಿದ್ದ ದಾರ ಕಡಿದು, "ಹೂಂ ಅನ್ನು. ಹೂಂ ಅಂದೋರನ್ನ ಯಾರೂ ಮನೆಗೆ ಕಳಿಸಲ್ಲ" ಅಂದರು.

"ಮತ್ತೆ ಮಕ್ಕಳು?"

"ಯಾವ ಮಕ್ಕಳು? ನಿನಗೆಲ್ಲಿ ಮಕ್ಕಳು?"

ಅಣ್ಣ ಒಳಗಿನಿಂದ, "ಹೂಂನೂ ಬೇಡ ಊಹೂಂನೂ ಬೇಡ, ಅವತ್ತು ಜ್ವರ ಅಂತ ಮಲ್ಕೋ" ಅಂದ. ಮೂರು ಜನ, ಮೂರು ದಾರಿ. ನಾನು ಅಲ್ಲೇ ನಿಂತಿದ್ದೇನೆ.

ಆಗಸ್ಟ್ 27, ಮಂಗಳವಾರ

ಹಣೆ ಮುಟ್ಟಿ ನೋಡಿಕೊಂಡೆ. ಜ್ವರ ಇಲ್ಲ.

ಸಂಜೆ ಬೀಗ ಹಾಕುತ್ತಾ ಹೋದೆ. ದೊಡ್ಡ ಮೇಡಂ ಆರನೇ ಕ್ಲಾಸಿನಲ್ಲಿ ಬೆಂಚುಗಳನ್ನು ತಾವೇ ಸರಿಸುತ್ತಿದ್ದರು. ಕೈ ಹಾಕಿದೆ. ಆ ಕಡೆ ಅವರು, ಈ ಕಡೆ ನಾನು. ಬೆಂಚು ಎತ್ತುವಾಗ ಮುಖ ನೋಡಬೇಕಿಲ್ಲ. ಅದಕ್ಕೇ ಇರಬೇಕು, ಮಾತು ಬಂತು.

"ಮೇಡಂ, ನನಗೆ ಒಂದು ಪಾಠಾನೂ ಅರ್ಥ ಆಗಿಲ್ಲ. ಸುಮ್ನೆ ತಲೆ ಆಡಿಸ್ತಿದ್ದೆ."

ಬೆಂಚು ಅವರ ಕಡೆಯಿಂದ ಕೆಳಗಿಳಿಯಿತು. ಬೈಯುತ್ತಾರೆ ಅಂದುಕೊಂಡೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನನ್ನ ಪಾಠಾನೂ?"

"ಹೂಂ ಮೇಡಂ."

"ಎಲ್ಲಿಂದ ತಪ್ಪಿತು?"

"ಉತ್ತರ ಮೇಲಿದೆ ಅಂದ್ರಲ್ಲ, ಅಲ್ಲಿಂದ. ನಾನು ಸೂರು ನೋಡ್ತಾ ಕೂತಿದ್ದೆ."

ನಕ್ಕರು. ಜೋರಾಗಿ, ಖಾಲಿ ರೂಮಿಗೆಲ್ಲ ಕೇಳುವ ಹಾಗೆ. ಆಮೇಲೆ ನಗು ನಿಂತುಹೋಯಿತು. "ನಾನು ಹಿಂದಿನ ಬೆಂಚಲ್ಲಿ ಕೂತು ನಿನ್ನ ಜಡೆ ನೋಡ್ತಾ ಇದ್ದೆ ಕಣಮ್ಮ. ಜಡೆ ಅಲ್ಲಾಡಿದ್ರೆ ಪಾಠ ಆಯ್ತು ಅಂದ್ಕೊಂಡೆ. ಮುಖ ನೋಡ್ಬೇಕು ಅಂತ ಹೊಳೀಲೇ ಇಲ್ಲ. ಇಷ್ಟು ವರ್ಷ ಸರ್ವಿಸ್ ಆಗಿ..."

ಆರನೇ ಕ್ಲಾಸಿನ ಮಕ್ಕಳ ವಿಷಯ ಹೇಳಿದೆ. ಮೇಡಂ ಕಿಟಕಿಯ ಕಡೆ ತಿರುಗಿದರು. "ಅದು ನಿನ್ನ ಲೆಕ್ಕಕ್ಕಲ್ಲ, ನನ್ನ ಲೆಕ್ಕಕ್ಕೆ. ಗಣಿತದ ಸರ್ ಜೊತೆ ನಾನು ಮಾತಾಡ್ತೀನಿ. ಆ ಮಕ್ಕಳ ಜೊತೇನೂ."

"ನಾಳೆ ನಾನು ಏನು ಅನ್ಲಿ ಮೇಡಂ?"

"ಹೇಳಲ್ಲ."

"ಮೇಡಂ..."

"ನಾನು ಹೇಳಿದ್ರೆ ಅದಕ್ಕೂ ತಲೆ ಆಡಿಸ್ತೀಯ."

ಇದು ನ್ಯಾಯವಾ? ದಾರಿ ಕೇಳಿದರೆ ನೀನೇ ನೋಡಿಕೋ ಅನ್ನುವುದು? ಹೇಳಿಬಿಟ್ಟಿದ್ದರೆ ಇಷ್ಟೊತ್ತಿಗೆ ಊಟ ಸೇರುತ್ತಿತ್ತು. ಹೊಸ ಟೀಚರ್ ಮನೆಯಲ್ಲೂ ಯಾರೂ ಉಂಡಿರಲಿಕ್ಕಿಲ್ಲ.

ಆಗಸ್ಟ್ 28, ಬುಧವಾರ

ಸೆಕ್ರೆಟರಿ ಬಂದರು. ನಾನೇ ಕುರ್ಚಿ ಹಾಕಿದೆ. ನಾನೇ ನೀರು ಕೊಟ್ಟೆ. ನಾನೇ ಹೋಗಿ ಬೆಂಚಿನಲ್ಲಿ ಕೂತೆ. ಅವರಿಗೆ ಗಲಿಬಿಲಿ. "ಇವಳ್ಯಾಕೆ ಇಲ್ಲಿ ಕೂತ್ಲು?"

"ಇವತ್ತಿನ ಕ್ಲಾಸ್ ಇವಳಿಗೇ ಸಾರ್," ಅಂದರು ದೊಡ್ಡ ಮೇಡಂ. ಇವತ್ತು ಅವರು ಹಿಂದೆ ಕೂರಲಿಲ್ಲ. ಕಿಟಕಿಯ ಪಕ್ಕ, ನನ್ನ ಮುಖ ಕಾಣುವ ಕಡೆ, ಒಂದು ಸ್ಟೂಲು ಹಾಕಿಕೊಂಡರು.

ಹೊಸ ಟೀಚರ್ ಶುರು ಮಾಡಿದರು. ಬಾಣಗಳಿಲ್ಲ ಈ ಸಲ. ಎರಡು ಲೋಟ. ಒಂದರಲ್ಲಿ ಐಸ್ ನೀರು, ಇನ್ನೊಂದರಲ್ಲಿ ಬರೀ ನೀರು. ನನ್ನನ್ನು ಕರೆದು ಮುಟ್ಟಿಸಿದರು. ಒಂದು ಹೊರಗೆ ಒದ್ದೆ, ಇನ್ನೊಂದು ಒಣ. "ಲೋಟ ಸೋರೋ ಹಾಗಿದ್ರೆ ಇದೂ ಸೋರ್ಬೇಕಿತ್ತು, ಅಲ್ವಾ?" ಹೌದಲ್ಲ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಬೆವರುವುದಾದರೆ ಎರಡೂ ಬೆವರಬೇಕಿತ್ತು. ಆಗ ತಲೆ ಆಡಿಸಿದೆ, ಅದು ಸುಳ್ಳಲ್ಲ.

"ಹಾಗಾದ್ರೆ ಹೊರಗಿನ ನೀರು ಗಾಳಿಯಿಂದ ಬಂತು. ಗಾಳೀಲಿ ನೀರಾವಿ ಇದೆ. ಅರ್ಥ ಆಯ್ತಾ?"

ಅಲ್ಲಿ ನಿಂತುಹೋಯಿತು.

ಗಾಳಿ ನೋಡಿದೆ. ಏನು ನೋಡುವುದು ಗಾಳಿಯನ್ನು? ಏನೂ ಕಾಣಲಿಲ್ಲ. ಟೀಚರ್ ಕಣ್ಣು ನನ್ನ ಮೇಲೆ. ಸೆಕ್ರೆಟರಿ ಫೋನಿನಿಂದ ತಲೆ ಎತ್ತಿದರು. "ಹೇಳಮ್ಮ, ಗೊತ್ತಾಯ್ತೋ ಇಲ್ವೋ?" ಹೂಂ ಅಂದರೆ ಮುಗಿಯಿತು. ಟೀಚರ್ ಅಪ್ಪನ ಕಾಲು ನೆನಪಾಯಿತು. ಗೋಡೆಗೆ ಮುಖ ಮಾಡಿದ ಮಕ್ಕಳೂ ನೆನಪಾದರು. ತಲೆ ಅರ್ಧ ಕೆಳಗೆ ಹೋಗಿತ್ತು, ಅಲ್ಲೇ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕತ್ತು ಹಿಡಿದುಕೊಂಡವರ ಹಾಗೆ.

"ಗಾಳೀಲಿ ನೀರಿದ್ರೆ..." ಇದು ನನ್ನ ಧ್ವನಿಯೇ? "ನಾವೆಲ್ಲ ಒದ್ದೆ ಆಗ್ಬೇಕಲ್ಲ ಟೀಚರ್?"

ಯಾರೋ ಕಿಸಕ್ಕೆಂದರು. ಆಮೇಲೆ ತುಂಬಾ ಜನ. ಸೆಕ್ರೆಟರಿಯೂ. ನನ್ನ ಕಣ್ಣಲ್ಲಿ ನೀರು ಬಂತು.

ಟೀಚರ್ ನಗಲಿಲ್ಲ. ಲೋಟದ ಕಡೆ ನೋಡಿದರು. "ಅದು... ಆವಿ ಬೇರೆ, ನೀರು ಬೇರೆ... ಅಲ್ಲ, ಒಂದೇ. ಆದ್ರೆ..." ನಿಂತರು. ಕೊನೆಗೆ, "ಗೊತ್ತು ನನಗೆ. ಆದ್ರೆ ಇವರಿಗೆ ಹೇಗೆ ಹೇಳ್ಬೇಕು ಅಂತ ಗೊತ್ತಿಲ್ಲ" ಅಂದರು.

ಮೇಡಂ ಸ್ಟೂಲಿನಿಂದ ಎದ್ದರು. "ನನಗೂ ಗೊತ್ತಿಲ್ಲ. ಯಾರಿಗೆ ಗೊತ್ತು? ಬನ್ನಿ, ಹೇಳಿ ನೋಡೋಣ."

ಒಬ್ಬರು ಎದ್ದು ಏನೋ ಅಂದರು, ಇನ್ನೊಬ್ಬರು ಹಾಗಲ್ಲ ಅಂದರು. ಗಣಿತದ ಸರ್ ಕೂಡ ಎದ್ದು ಬಂದರು. "ಒಗೆದ ಬಟ್ಟೆ ಒಣಗುತ್ತಲ್ಲ, ಆ ನೀರು ಎಲ್ಲಿಗೆ ಹೋಯ್ತು? ಅಲ್ಲಿಂದ ಶುರು ಮಾಡಿ!" ಹೊಸ ಟೀಚರ್ ಬರೆದುಕೊಳ್ಳತೊಡಗಿದರು. ನನ್ನ ಸುತ್ತ ನಿಂತು ಎಲ್ಲರೂ ಒಟ್ಟಿಗೆ ಮಾತಾಡಿದರು, ನಾನು ಅಲ್ಲಿರುವುದೇ ಮರೆತ ಹಾಗೆ. ಬುಧವಾರ ಇಷ್ಟು ಗದ್ದಲ ಇದುವರೆಗೆ ಇರಲಿಲ್ಲ.

ಸೆಕ್ರೆಟರಿ ಗಡಿಯಾರ ನೋಡಿದರು. ಬಾಗಿಲಲ್ಲಿ ಮೇಡಂಗೆ ಹೇಳಿದ್ದು ನನಗೆ ಕೇಳಿತು. "ಪಾಠ ಹೇಳೋಕೆ ಬರಲ್ಲ ಅಂತ ಟೀಚರೇ ಒಪ್ಕೊಂಡ್ರು. ಪ್ರಿನ್ಸಿಪಾಲೂ ಒಪ್ಕೊಂಡ್ರು. ಅದೂ ಆಳುಗಳ ಮುಂದೆ. ಇನ್ನು ನೋಡೋದೇನಿದೆ?"

ಇವತ್ತು ಆಗಿದ್ದು ಒಳ್ಳೆಯದೋ ಕೆಟ್ಟದ್ದೋ? ಒಳಗೆ ನೋಡಿದರೆ ಒಳ್ಳೆಯದು. ಬಾಗಿಲಲ್ಲಿ ನೋಡಿದರೆ ಕೆಟ್ಟದ್ದು. ಟೀಚರ್ ನನ್ನ ಹತ್ತಿರ ಬರದೆಯೇ ಹೋದರು.

ಆಗಸ್ಟ್ 29, ಗುರುವಾರ

ಯಾರೂ ಏನೂ ಹೇಳುವುದಿಲ್ಲ. ಎಲೆಕ್ಟ್ರಿಷಿಯನ್ ಬಂದ. ಫ್ಯಾನು ಸರಿ ಮಾಡಿದ. ಈಗ ರೂಮು ತುಂಬಾ ನಿಶ್ಶಬ್ದ.

ಸೆಪ್ಟೆಂಬರ್ 3, ಮಂಗಳವಾರ

ಕಮಿಟಿ ಕೂತಿತ್ತು. ದೊಡ್ಡ ಮೇಡಂ ಒಳಗೆ ಹೋಗಿ ಬಹಳ ಹೊತ್ತಾಗಿತ್ತು. ಟೀ ಕೊಡಲು ಹೋದಾಗ ಒಂದಷ್ಟು ಕೇಳಿತು. ನಿಂತು ಕೇಳಿದೆ ಅಂತಲೇ ಬರೆಯಬೇಕು, ಸುಳ್ಳು ಯಾಕೆ.

"ಅವರಿಗೆ ಬರಲ್ಲ ಅಂದ್ರೆ ಅದು ನನಗೆ ಬರಲ್ಲ ಅಂತ ಅರ್ಥ," ಅನ್ನುತ್ತಿದ್ದರು ಮೇಡಂ. "ಪಾಠ ನೋಡಿ, ಸರಿ ಇದೆ ಅಂದೋಳು ನಾನು. ಕಳಿಸೋದಾದ್ರೆ ನನ್ನಿಂದ ಶುರು ಮಾಡಿ. ಇಲ್ಲ ಅಂದ್ರೆ ವರ್ಷ ಮುಗಿಯೋವರೆಗೂ ಅವರ ಜೊತೆ ನಾನು ಕೂರ್ತೀನಿ."

ಸೆಕ್ರೆಟರಿ: "ಏನು ಮೇಡಂ, ಎಲ್ಲದಕ್ಕೂ ಹಠ."

"ಇದೊಂದಕ್ಕೇ ಸಾರ್."

ಮಧ್ಯಾಹ್ನ ಗೊತ್ತಾಯಿತು. ಹೊಸ ಟೀಚರ್ ವರ್ಷ ಪೂರ್ತಿ ಇರುತ್ತಾರೆ. ಆಮೇಲೆ ಮತ್ತೆ ನೋಡುತ್ತಾರಂತೆ. ಬುಧವಾರದ ಕೂಟವೂ ಇರುತ್ತದೆ. ಒಂದೇ ಷರತ್ತು. ಇನ್ನು ಮೇಲೆ ಟೀಚರುಗಳು ಮಾತ್ರ. ನಾನು ಒಳಗೆ ಕೂರಬಾರದು.

ಮೇಡಂ ನನ್ನನ್ನು ಕರೆದು ಹೇಳಿದರು. "ಅದನ್ನೂ ಕೇಳ್ದೆ. ಆಗ್ಲಿಲ್ಲ. ಒಂದು ಸಿಕ್ತು, ಒಂದು ಬಿಡಬೇಕಾಯ್ತು. ಬೇಜಾರಾ?"

"ಇಲ್ಲ ಮೇಡಂ."

ನನ್ನ ಮುಖ ನೋಡಿದರು. ಇಲ್ಲ ಅಂದದ್ದನ್ನು ನಂಬಲಿಲ್ಲ ಅಂತ ಕಾಣುತ್ತದೆ.

ಅತ್ತಿಗೆ ಹೇಳಿದರು, "ಒಳ್ಳೇದಾಯ್ತು ಬಿಡು, ಪೀಡೆ ಕಳೀತು." ಹೌದು. ಹೆದರಿಕೆ ಇಲ್ಲ, ಯಾರ ಕಣ್ಣೂ ಇಲ್ಲ. ಟೀಚರ್ ಕೆಲಸ ಉಳಿಯಿತು. ಎಲ್ಲ ನಾನು ಬಯಸಿದ್ದೇ. ಹಾಗಾದರೆ ಊಟ ಯಾಕೆ ಸೇರಲಿಲ್ಲ? ಕೇಳಿದರೆ ಅತ್ತಿಗೆ ಮತ್ತೆ ಹುಡುಗ ಯಾರು ಅನ್ನುತ್ತಾರೆ.

ಸೆಪ್ಟೆಂಬರ್ 4, ಬುಧವಾರ

ಮಕ್ಕಳು ಹೋದ ಮೇಲೆ ಕಾರಿಡಾರ್ ಗುಡಿಸಿದೆ. ಆರನೇ ಕ್ಲಾಸಿನ ಮುಂದೆ ಕಸ ಜಾಸ್ತಿ ಇರಲಿಲ್ಲ. ಆದರೂ ಅಲ್ಲಿ ನಿಧಾನ ಮಾಡಿದೆ.

ಬಾಗಿಲು ತೆರೆದೇ ಇತ್ತು. ಹೊಸ ಟೀಚರ್ ಪಾಠ ಮಾಡುತ್ತಿದ್ದರು. ಇವತ್ತು ನೆರಳಿನ ಪಾಠ. ಬೆಳಿಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ, ಯಾಕೆ ಅಂತ. ಟಾರ್ಚು ಹಿಡಿದು, ಮೇಜಿನ ಮೇಲೆ ಪೆನ್ಸಿಲು ನಿಲ್ಲಿಸಿ ತೋರಿಸುತ್ತಿದ್ದರು. ಟಾರ್ಚು ಮೇಲೆ ಹೋದರೆ ನೆರಳು ಗಿಡ್ಡ. ಅದು ಕಂಡಿತು. ಆದರೆ ಸೂರ್ಯನನ್ನು ಯಾರು ಎತ್ತುತ್ತಾರೆ? ಅವನು ಮೇಲೆ ಬರುತ್ತಾನೋ, ನಾವು...

"ಇಲ್ಲಿವರೆಗೆ ಅರ್ಥ ಆಯ್ತಾ?" ಟೀಚರ್ ಕೇಳಿದರು.

ಬೆಂಚಿನಲ್ಲಿದ್ದ ಟೀಚರುಗಳೆಲ್ಲ ತಲೆ ಆಡಿಸಿದರು. ಆಯ್ತು ಆಯ್ತು. ಗಣಿತದ ಸರ್ ಕೂಡ.

ಟೀಚರ್ ಅವರನ್ನು ನೋಡಿದರು. ಸಮಾಧಾನ ಆದ ಹಾಗೆ ಕಾಣಲಿಲ್ಲ. ಆಮೇಲೆ ಅವರೆಲ್ಲರ ತಲೆಗಳ ಮೇಲಿಂದ ಬಾಗಿಲ ಕಡೆ, ನನ್ನ ಕಡೆ ನೋಡಿದರು. ಲ್ಯಾಬಿನಲ್ಲಿ ಆ ಮಾತು ಆದ ಮೇಲೆ ಅವರು ನನ್ನನ್ನು ಹೀಗೆ ನೇರವಾಗಿ ನೋಡಿದ್ದು ಎರಡೇ ಸಲ. ಆ ಎರಡು ಸಲವೂ ಹೂಂ ಅನ್ನು ಅನ್ನುವ ಕಣ್ಣು. ಇದು ಬೇರೆ. ಕೇಳುವ ಕಣ್ಣು.

ಪೊರಕೆ ಎದೆಗೆ ಒತ್ತಿಕೊಂಡು, ತಲೆಯನ್ನು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಅಲ್ಲಾಡಿಸಿದೆ. ಇಲ್ಲ.

ಟೀಚರ್ ಟಾರ್ಚು ಆರಿಸಿದರು. "ಮೊದಲಿಂದ ಹೇಳ್ತೀನಿ," ಅಂದರು. ಯಾರೋ ಗೊಣಗಿದರು. ಎಲ್ಲರೂ ಬಾಗಿಲ ಕಡೆ ತಿರುಗಿದರು. ದೊಡ್ಡ ಮೇಡಂ ಒಬ್ಬರೇ ತಿರುಗಲಿಲ್ಲ. ಅವರು ಮೊದಲಿನಿಂದಲೂ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ಬೆಂಚಿನಲ್ಲಿ ಸ್ವಲ್ಪ ಸರಿದರು. ಒಬ್ಬರು ಕೂರುವಷ್ಟು.

ಸುಮ್ಮನೆ ಸರಿದರೋ, ನನಗೆ ಅಂತ ಸರಿದರೋ ತಿಳಿಯಲಿಲ್ಲ. ಕೂರಬಾರದು ಅಂದಿದ್ದಾರೆ ಕಮಿಟಿಯವರು. ಮೇಡಂಗೆ ಮತ್ತೆ ಮಾತು ಬರುತ್ತದೆ. ನನ್ನ ಕೆಲಸಕ್ಕೂ ಕುತ್ತು ಬರಬಹುದು. ಕೇಳೋಣ ಅಂದರೆ ಅವರು ಹೇಳುವವರಲ್ಲ.

ಪೊರಕೆಯನ್ನು ಗೋಡೆಗೆ ಒರಗಿಸಿದೆ. ಒಂದು ಕಾಲು ಒಳಗಿಟ್ಟೆ. ಇನ್ನೊಂದು...